‘ಹಾಡು ಎಲ್ಲಿ?’ ಅನ್ನುವವರಿಗೆ ಬಾರ್ಟೋಕನ ಏಳು ಬಾಗಿಲು

ಹಂಗೇರಿಯ ಬೇಲಾ ಬಾರ್ಟೋಕ್ ಬರೆದ ‘ನೀಲಗಡ್ಡದ ದೊರೆಯ ಕೋಟೆ’ ಒಪೆರಾದ ಚಿತ್ರವನ್ನು ಪರದೆಯ ಮೇಲೆ ತೋರಿಸಿ ಲೈಟು ಹಾಕಿ ನೋಡಿ. ಮಡಿಕೇರಿಯಾದರೂ ಅಷ್ಟೇ, ವಿರಾಜಪೇಟೆಯಾದರೂ ಅಷ್ಟೇ, ಮೊದಲು ಬರುವ ಮಾತು ‘ಹಾಡು ಎಲ್ಲಿ?’ ಅದರ ಬೆನ್ನಿಗೇ ‘ಏನೂ ಆಗಲೇ ಇಲ್ವಲ್ಲ’, ‘ಬಾಗಿಲ ಹಿಂದೆ ಏನಿತ್ತು ಅಂತ ಸರಿಯಾಗಿ ತೋರಿಸಲಿಲ್ಲ’, ‘ಬಾಯಿ ಒಂದು ಕಡೆ, ದನಿ ಇನ್ನೊಂದು ಕಡೆ’, ‘ಶುರುವಿನಲ್ಲಿ ಸೌಂಡೇ ಇರಲಿಲ್ಲ’. ಇಷ್ಟೂ ದೂರು ನ್ಯಾಯವಾದದ್ದೇ. ಆದರೆ ಒಪೆರಾಕ್ಕೆ ಸೇರಿದ್ದು ಇದರಲ್ಲಿ ಒಂದೆರಡು ಮಾತ್ರ. ಮಿಕ್ಕದ್ದು ತೋರಿಸಿದವರ ತಲೆಗೆ ಬರಬೇಕಾದ್ದು: ಸ್ಪೀಕರು, ಕನ್ನಡ ಅಡಿಬರಹ, ಸಭಾಂಗಣ, ತಿಂಗಳು. ‘ನಮ್ಮ ಜನಕ್ಕೆ ಇದೆಲ್ಲ ಅರ್ಥ ಆಗಲ್ಲ’ ಅನ್ನುವ ಮೊದಲು ಆ ನಾಲ್ಕನ್ನು ಸರಿಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಬಾರ್ಟೋಕ್ ಬರೆದದ್ದು ಇದೊಂದೇ ಒಪೆರಾ. 1911ರಲ್ಲಿ ಬರೆದು ಮುಗಿಸಿದ; ಆಗ ಸ್ಪರ್ಧೆಗಳಿಗೆ ಕಳಿಸಿದ್ದನ್ನು ‘ಇದು ರಂಗಕ್ಕೆ ಆಗುವಂಥದ್ದಲ್ಲ’ ಎಂದು ತಳ್ಳಿಹಾಕಿದರು. ಬುಡಾಪೆಸ್ಟಿನಲ್ಲಿ ಮೊದಲ ಪ್ರದರ್ಶನ ಆಗಿದ್ದು 1918ರ ಮೇ 24ಕ್ಕೆ. ಒಂದೇ ಅಂಕ, ಸುಮಾರು ಒಂದು ಗಂಟೆ, ಹಾಡುವವರು ಇಬ್ಬರೇ. ತಗ್ಗು ದನಿಯ ನೀಲಗಡ್ಡ, ಅವನ ಹೊಸ ಹೆಂಡತಿ ಯೂದಿತ್. ಅಪ್ಪ, ಅಮ್ಮ, ಅಣ್ಣ, ಮದುವೆಗೆ ಗೊತ್ತಾಗಿದ್ದ ಹುಡುಗ ಎಲ್ಲರನ್ನೂ ಬಿಟ್ಟು ಇವನ ಹಿಂದೆ ಬಂದವಳು ಅವಳು. ಕೋಟೆಯೊಳಗೆ ಕಿಟಕಿ ಇಲ್ಲ, ಬಿಸಿಲಿಲ್ಲ. ಬೀಗ ಹಾಕಿದ ಏಳು ಬಾಗಿಲುಗಳಿವೆ. ಬೆಳಕು ಬರಲಿ, ಎಲ್ಲ ತೆಗೆಯೋಣ ಅನ್ನುತ್ತಾಳೆ. ಚಿತ್ರಹಿಂಸೆಯ ಕೋಣೆ, ಆಯುಧದ ಕೋಣೆ, ಭಂಡಾರ, ಹೂದೋಟ, ಅವನ ರಾಜ್ಯ, ಕಣ್ಣೀರಿನ ಕೊಳ, ಕೊನೆಗೆ ಹಿಂದಿನ ಮೂವರು ಹೆಂಡತಿಯರು. ಫ್ರೆಂಚ್ ಹಳೇ ಕಥೆಯಲ್ಲಿ ಅವರು ಕೊಲೆಯಾದವರು. ಇಲ್ಲಿ ಜೀವಂತವಾಗಿದ್ದಾರೆ, ಒಡವೆ ವಸ್ತ್ರದ ಭಾರದಲ್ಲಿ ಬಾಗಿದ್ದಾರೆ. ಒಬ್ಬಳು ಬೆಳಗಿಗೆ, ಒಬ್ಬಳು ಮಧ್ಯಾಹ್ನಕ್ಕೆ, ಒಬ್ಬಳು ಸಂಜೆಗೆ. ಉಳಿದಿರುವುದು ರಾತ್ರಿ.

ಇಷ್ಟನ್ನೂ ಚಿತ್ರಕ್ಕೆ ಮುಂಚೆಯೇ ಹೇಳಬಹುದು, ಆ ಕೊನೆಯ ವಾಕ್ಯ ಒಂದನ್ನು ಬಿಟ್ಟು. ಕಥೆ ಹೇಳಿದರೆ ಸ್ವಾರಸ್ಯ ಹೋಗುತ್ತದೆ ಅನ್ನುವುದು ಪತ್ತೇದಾರಿಗೆ ಸರಿ. ಕಥೆ ಗೊತ್ತಿದ್ದೇ ಯಕ್ಷಗಾನಕ್ಕೆ ಹೋಗುವವರಿಗೆ ಈ ಭಯ ಯಾಕೆ? ಪೀಠಿಕೆ ಏಳೆಂಟು ನಿಮಿಷ ದಾಟಬಾರದು, ಅಷ್ಟೇ.

ಇನ್ನು ‘ಹಾಡು ಎಲ್ಲಿ’ ಅನ್ನುವ ಪ್ರಶ್ನೆ. ಒಪೆರಾ ಅಂದ ಕೂಡಲೇ ಜನ ಎದುರುನೋಡುವುದು ಇಟಲಿಯ ರೀತಿಯದ್ದು: ಒಂದು ಗುನುಗಬಹುದಾದ ಹಾಡು, ಅದರ ಕೊನೆಗೆ ಎತ್ತರದ ಸ್ವರ, ಚಪ್ಪಾಳೆ. ಇಲ್ಲಿ ಅದಿಲ್ಲ. ಬಾರ್ಟೋಕ್ ಮತ್ತು ಅವನ ಗೆಳೆಯ ಕೊಡಾಯ್ 1900ರ ದಶಕದ ನಡುವಿನಿಂದ ಹಳ್ಳಿ ಹಳ್ಳಿಗೆ ಮೇಣದ ಉರುಳೆಯ ಫೋನೋಗ್ರಾಫ್ ಹೊತ್ತು ಹಾಡು ಸಂಗ್ರಹಿಸಿದವರು. ಹಳೆಯ ಹಂಗೇರಿಯನ್ ಹಾಡುಗಳಲ್ಲಿ ಒಂದು ಬಗೆ ಇದೆ, ತಾಳಕ್ಕೆ ಕಟ್ಟುಬೀಳದೆ ಮಾತಿನ ಉದ್ದಗಿಡ್ಡಕ್ಕೆ ತಕ್ಕಂತೆ ಸ್ವರ ಎಳೆದು ಬಿಡುವುದು. ಈ ಒಪೆರಾದ ಗಾಯನ ಬಹುಪಾಲು ಅದೇ. ಕನ್ನಡದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಗಮಕ ಅಂದರೆ ಸಾಕು. ಕುಮಾರವ್ಯಾಸನನ್ನು ರಾಗ ಹಿಡಿದು, ತಾಳ ಬಿಟ್ಟು, ಪದದ ಅರ್ಥಕ್ಕೆ ತೂಗಿ ವಾಚನ ಮಾಡುವುದನ್ನು ಕೇಳಿದ ಕಿವಿ ‘ಹಾಡು ಎಲ್ಲಿ’ ಅಂತ ಕೇಳುವುದಿಲ್ಲ. ಪೀಠಿಕೆಯಲ್ಲಿ ‘ಇದು ಅವರ ಗಮಕ, ಹಿಂದೆ ದೊಡ್ಡ ವಾದ್ಯವೃಂದ’ ಎಂದು ಒಂದು ಮಾತು ಸೇರಿಸಿದರೆ ಅರ್ಧ ದೂರು ಅಲ್ಲಿಗೇ ಬಿದ್ದುಹೋಗುತ್ತದೆ.

ಕೊಡಗಿನಲ್ಲಿ ಇದನ್ನು ಕೊಡವರ ಜನಪದ ಹಾಡು ಬಾಳೋ ಪಾಟ್ ಜೊತೆ ಹೋಲಿಸುವ ಆಸೆ ಬರುತ್ತದೆ. ಬೇಡ. ಬಾಳೋ ಹಾಡಿಗೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯದ ಪೆಟ್ಟು ಬೆನ್ನೆಲುಬು; ನಾಲ್ವರು ಹಾಡುತ್ತಾರೆ, ಲಯ ಕದಲುವುದಿಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಸಂಗ್ರಹದ ಕೆಲಸದಲ್ಲಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಜನಪದ ಹಾಡುಗಳನ್ನು ಸಂಗ್ರಹಿಸಿದ ‘ಪಟ್ಟೋಲೆ ಪಳಮೆ’ ಅಚ್ಚಾಗಿದ್ದು 1924ರಲ್ಲಿ, ಹಂಗೇರಿಯನ್ ಜನಪದ ಹಾಡುಗಳ ಬಗ್ಗೆ ಬಾರ್ಟೋಕನ ದೊಡ್ಡ ಪುಸ್ತಕ ಬಂದದ್ದೂ ಅದೇ ವರ್ಷ. ಒಬ್ಬರಿಗೆ ಇನ್ನೊಬ್ಬರ ಹೆಸರೂ ಗೊತ್ತಿರಲಿಕ್ಕಿಲ್ಲ. ಇಲ್ಲಿನ ಸಭೆಯಲ್ಲಿ ಈ ಮಾತು ಹೇಳಿದರೆ ಬೆನ್ನು ಒರಗಿಸಿ ಕೂತವರು ಮುಂದೆ ಬಾಗುತ್ತಾರೆ.

ಭಾಷೆಯ ವಿಷಯಕ್ಕೆ ಬಂದರೆ, ಹಂಗೇರಿಯನ್ ಭಾಷೆಗೂ ನಮ್ಮದಕ್ಕೂ ನೆಂಟಸ್ತಿಕೆ ಇಲ್ಲ, ಆದರೆ ನಡೆ ಕೆಲವು ಕಡೆ ಒಂದೇ ಥರ. ಪ್ರತ್ಯಯಗಳು ಹಿಂದೆ ಹಿಂದೆ ಅಂಟುತ್ತವೆ: ‘ವಾರ್’ ಅಂದರೆ ಕೋಟೆ, ‘ವಾರಮ್’ ಅಂದರೆ ನನ್ನ ಕೋಟೆ, ‘ವಾರದ್’ ಅಂದರೆ ನಿನ್ನ ಕೋಟೆ. ಹ್ರಸ್ವ, ದೀರ್ಘ ಬದಲಾದರೆ ಅರ್ಥ ಬದಲಾಗುತ್ತದೆ. ಒತ್ತು ಯಾವಾಗಲೂ ಪದದ ಮೊದಲ ಅಕ್ಷರಕ್ಕೆ. ಅದಕ್ಕೇ ಗಾಯನದಲ್ಲಿ ಪ್ರತಿ ಪದದ ತಲೆಯ ಮೇಲೆ ಒಂದು ಗುದ್ದು ಬಿದ್ದು ಮುಂದಿನದು ಇಳಿಯುತ್ತದೆ. ಪಠ್ಯ ಬರೆದ ಬೇಲಾ ಬಾಲಾಜ್ ಸಾಲಿಗೆ ಎಂಟು ಅಕ್ಷರದ ಹಳೇ ಜನಪದ ಅಳತೆಯನ್ನೇ ಹಿಡಿದಿದ್ದಾನೆ. ಆರಂಭದಲ್ಲೇ ನೀಲಗಡ್ಡ ‘ಇನ್ನೂ ನನ್ನ ಹಿಂದೆ ಬರ್ತಿದ್ದೀಯಾ ಯೂದಿತ್?’ ಅಂತ ಕೇಳುತ್ತಾನೆ. ಅವಳು ‘ಮೆದ್ಯೆಕ್, ಮೆದ್ಯೆಕ್, ಕೇಕ್‌ಸಕಾಲ್ಲೂ’ ಅನ್ನುತ್ತಾಳೆ. ಪದಕ್ಕೆ ಪದ ಇಟ್ಟರೆ ‘ಹೋಗುತ್ತೇನೆ, ಹೋಗುತ್ತೇನೆ’ ಎಂದಾಗುತ್ತದೆ, ತಪ್ಪೂ ಆಗುತ್ತದೆ. ‘ಬರುತ್ತಿದ್ದೇನೆ, ಬರುತ್ತಿದ್ದೇನೆ’ ಅಂದರೆ ಅಡಿಬರಹದ ಸಾಲೇ ತುಂಬಿಹೋಗುತ್ತದೆ. ಕನ್ನಡದಲ್ಲಿ ಕರೆದವರಿಗೆ ಓಗೊಡುವುದು ಹೇಗೆ? ‘ಬಂದೆ ಬಂದೆ ನೀಲಗಡ್ಡ’. ಎಣಿಸಿ ನೋಡಿ, ಎಂಟೇ ಅಕ್ಷರ. ಇನ್ನೂ ಕಾಲು ಕಿತ್ತಿಡುವ ಮೊದಲೇ ‘ಬಂದೆ’ ಅಂತ ಭೂತಕಾಲದಲ್ಲಿ ಹೇಳಿಬಿಡುವ ನಮ್ಮ ಅಭ್ಯಾಸ ಯೂದಿತ್‌ಳ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಇದೇ ಜಾಗದಲ್ಲಿ ಕನ್ನಡ ಅಡಿಬರಹದವರು ಸಾಮಾನ್ಯವಾಗಿ ಎಡವುವುದು ‘ನೀನು’, ‘ನೀವು’ ವಿಷಯದಲ್ಲಿ. ಅವನು ದೊರೆ, ಮೇಲಾಗಿ ಗಂಡ. ಹಾಗಾಗಿ ಯೂದಿತ್ ಬಾಯಲ್ಲಿ ‘ನೀವು’, ‘ಪ್ರಭು’, ‘ಸ್ವಾಮಿ’ ಬಂದು ಕೂರುತ್ತವೆ. ಮೂಲದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಏಕವಚನದಲ್ಲೇ ಮಾತಾಡುತ್ತಾರೆ. ‘ಬೀಗದ ಕೈ ಕೊಡಿ ಸ್ವಾಮಿ’ ಅಂದರೆ ಬೇಡಿಕೆ. ‘ಬೀಗದ ಕೈ ಕೊಡು’ ಅಂದರೆ ಹಕ್ಕು. ಈ ಒಂದು ತಪ್ಪು ಇಡೀ ಒಪೆರಾವನ್ನು ಪತಿವ್ರತೆಯ ಕಥೆ ಮಾಡಿಬಿಡುತ್ತದೆ. ಆಮೇಲೆ ‘ಅವಳು ಇದ್ದಕ್ಕಿದ್ದ ಹಾಗೆ ಯಾಕೆ ಹಟ ಮಾಡಿದಳು’ ಅಂತ ಜನ ಕೇಳಿದರೆ ತಪ್ಪು ಅವರದ್ದಲ್ಲ.

ಅಡಿಬರಹದ ತಾಂತ್ರಿಕ ಕೆಲಸ ಸಣ್ಣದಲ್ಲ. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸದಿದ್ದರೆ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ. ಟಿವಿಗೆ ನೇರ ಪೆನ್‌ಡ್ರೈವ್ ಚುಚ್ಚಿದರೆ ಬಹಳಷ್ಟು ಟಿವಿಗಳು ಕನ್ನಡದ ಬದಲು ಖಾಲಿ ಚೌಕ ತೋರಿಸುತ್ತವೆ, ಇಲ್ಲವೇ ಒತ್ತಕ್ಷರ ಬಿಡಿಸಿ ‘ಗಡ್ಡ’ವನ್ನು ‘ಗಡ್‌ಡ’ ಮಾಡುತ್ತವೆ. ಲ್ಯಾಪ್‌ಟಾಪಿನಿಂದ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಓಡಿಸುವುದೇ ವಾಸಿ. ಕನ್ನಡದ ಒತ್ತು ಕೆಳಗಿಳಿಯುತ್ತದೆ, ಗುಣಿತ ಮೇಲೇರುತ್ತದೆ; ಎರಡು ಸಾಲು ಒಟ್ಟಿಗೆ ಹಾಕಿದರೆ ಒಂದರ ಒತ್ತು ಇನ್ನೊಂದರ ದೀರ್ಘಕ್ಕೆ ತಾಗುತ್ತದೆ. ಆದ್ದರಿಂದ ಒಂದೇ ಸಾಲು, ಹೆಚ್ಚೆಂದರೆ 28ರಿಂದ 30 ಅಕ್ಷರ. ಹಾಡುವ ಗತಿ ನಿಧಾನ, ಹಾಗಾಗಿ ಓದಲು ಸಮಯ ಧಾರಾಳ ಸಿಗುತ್ತದೆ. ಯಾವ ಸಾಲೂ ಎರಡು ಸೆಕೆಂಡಿಗಿಂತ ಕಡಿಮೆ ನಿಲ್ಲಬಾರದು. ಅದೇ ಮಾತು ಮರುಕಳಿಸಿದಾಗ ಎರಡನೇ ಸಲ ಬರೆಯಬೇಡಿ, ಕಣ್ಣು ಮುಖದ ಮೇಲಿರಲಿ. ‘ವೇರ್’ ಅಂದರೆ ರಕ್ತ ಎಂದು ಪೀಠಿಕೆಯಲ್ಲೇ ಹೇಳಿಟ್ಟರೆ ಆ ಪದ ಬಂದಾಗಲೆಲ್ಲ ಜನ ಕಿವಿಯಲ್ಲೇ ಹಿಡಿಯುತ್ತಾರೆ. ಆರನೇ ಬಾಗಿಲಿನ ‘ಕೊನ್ಯೆಕ್’ ಅಂದರೆ ಕಣ್ಣೀರು. ಅದರ ಮೊದಲ ಸ್ವರ ನಮ್ಮ ಒ ಅಲ್ಲ, ಎ ಕೂಡ ಅಲ್ಲ, ತುಟಿ ದುಂಡಗೆ ಮಾಡಿ ಎ ಹೇಳಿದ ಹಾಗೆ. ಕನ್ನಡ ಲಿಪಿಗೆ ಸಿಗದ ಸ್ವರ ಇಟ್ಟುಕೊಂಡು ದಿನವೂ ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಬರೆಯುವವರಿಗೆ ಈ ಪೇಚಾಟ ಹೊಸತಲ್ಲ, ಸ್ವರ ಬೇರೆಯಾದರೂ.

ಈಗ ಸ್ವರದ ಲೆಕ್ಕ. ಆರಂಭದಲ್ಲಿ ಕತ್ತಲೆಯೊಳಗೆ ತಗ್ಗು ದನಿಯ ದೊಡ್ಡ ತಂತಿವಾದ್ಯಗಳಾದ ಸೆಲ್ಲೊ, ಡಬಲ್ ಬಾಸುಗಳು ಐದೇ ಸ್ವರದ ಒಂದು ಸಾಲು ಎಳೆಯುತ್ತವೆ. ಕರ್ನಾಟಕ ಸಂಗೀತ ಬಲ್ಲವರಿಗೆ ಅದು ಶುದ್ಧ ಧನ್ಯಾಸಿ ರಾಗದ ನೆರಳಿನಂತೆ ಕೇಳಿಸುತ್ತದೆ. ಆಮೇಲೆ ರಕ್ತ ಕಂಡಾಗಲೆಲ್ಲ ಒಂದು ಕರ್ಕಶ ಘರ್ಷಣೆ: ಪಕ್ಕಪಕ್ಕದ ಎರಡು ಸ್ವರ, ಷಡ್ಜ ಮತ್ತು ಶುದ್ಧ ರಿಷಭ ಒಟ್ಟೊಟ್ಟಿಗೆ ನುಡಿಸಿದ ಹಾಗೆ. ಹಾರ್ಮೋನಿಯಂ ಒಂದಿದ್ದರೆ ಪೀಠಿಕೆಯಲ್ಲಿ ಆ ಎರಡು ಮನೆ ಜೊತೆಯಾಗಿ ಒತ್ತಿ ತೋರಿಸಿ, ಬೇರೆ ವಿವರಣೆ ಬೇಡ. ಮೊದಲ ಐದೂ ಬಾಗಿಲಲ್ಲಿ ಅವಳು ರಕ್ತ ಕಾಣುತ್ತಾಳೆ. ಗೋಡೆಯ ಮೇಲೆ, ಆಯುಧದ ಮೇಲೆ, ಒಡವೆಯ ಮೇಲೆ, ಹೂಗಿಡದ ಬುಡದಲ್ಲಿ, ಮೋಡದ ನೆರಳಲ್ಲಿ. ಪ್ರತಿ ಸಲವೂ ಆ ಘರ್ಷಣೆ ಬರುತ್ತದೆ. ಇದು ಕಿವಿಗೆ ಸಿಕ್ಕವರು ‘ಏನೂ ಆಗಲಿಲ್ಲ’ ಅನ್ನುವುದಿಲ್ಲ, ಏಕೆಂದರೆ ಆಗುವುದೆಲ್ಲ ಆಗುವುದು ಅಲ್ಲೇ. ಇನ್ನೂ ಒಂದು: ಒಪೆರಾ ಶುರುವಾಗುವ ಮತ್ತು ಮುಗಿಯುವ ಆಧಾರ ಸ್ವರವನ್ನು ಷಡ್ಜ ಅಂದುಕೊಂಡರೆ, ಐದನೇ ಬಾಗಿಲು ತೆರೆಯುವ ಮಹಾ ಬೆಳಕಿನ ಸ್ವರ ಸರಿಯಾಗಿ ಪ್ರತಿಮಧ್ಯಮ. ಷಡ್ಜದಿಂದ ಅದಕ್ಕಿಂತ ದೂರ ಹೋಗಲು ಸಪ್ತಕದಲ್ಲಿ ಜಾಗ ಇಲ್ಲ; ಅಲ್ಲಿಂದ ಮುಂದೆ ಹೆಜ್ಜೆ ಇಟ್ಟರೆ ಮತ್ತೆ ಮೇಲಿನ ಷಡ್ಜಕ್ಕೆ ಹತ್ತಿರ. ಅವಳು ಕತ್ತಲಿಂದ ಹೋಗಬಹುದಾದಷ್ಟು ದೂರ ಹೋಗಿ, ಅಲ್ಲಿಂದ ತಿರುಗಿ ಕತ್ತಲಿಗೇ ಬರುತ್ತಾಳೆ.

ಐದನೇ ಬಾಗಿಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡನೇ ಬಾಗಿಲಾದ ಮೇಲೆ ನೀಲಗಡ್ಡ ಮೂರು ಬೀಗದ ಕೈ ಒಟ್ಟಿಗೇ ಕೊಟ್ಟಿರುತ್ತಾನೆ. ಭಂಡಾರ ತೆರೆದಾಗ ಸೆಲೆಸ್ಟಾ, ಹಾರ್ಪ್ ವಾದ್ಯಗಳು ಕೇಳುತ್ತವೆ, ತೋಟಕ್ಕೆ ಹಾರ್ನ್. ನಂತರ ಐದನೆಯದು ತೆರೆದಾಗ ಯೂದಿತ್ ತಾರದಲ್ಲಿ ಒಂದು ‘ಆ’ ಎಂದು ಕೂಗುತ್ತಾಳೆ, ಇಡೀ ವಾದ್ಯವೃಂದ ಆರ್ಗನ್ ಸಮೇತ ಮೂರು ಸ್ಥಾಯಿಯಲ್ಲೂ ತುಂಬಿ ಬರುತ್ತದೆ. ‘ನೋಡು, ಇದು ನನ್ನ ರಾಜ್ಯ’. ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಒಮ್ಮೆಲೇ ಸರಿದಾಗ ಬೆಟ್ಟದ ಸಾಲು ಕಾಣುವ ಕ್ಷಣ ಗೊತ್ತಿದ್ದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಆದರೆ ಅವಳ ಉತ್ತರ? ವಾದ್ಯಗಳೆಲ್ಲ ನಿಂತ ಮೌನದಲ್ಲಿ, ಯಾವ ಭಾವವೂ ಇಲ್ಲದೆ, ಚಪ್ಪಟೆಯಾಗಿ: ‘ಚೆಂದವಿದೆ, ದೊಡ್ಡದಿದೆ ನಿನ್ನ ರಾಜ್ಯ’. ಅಡಿಬರಹದಲ್ಲಿ ಇಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಕೆಲಸ ಕೆಟ್ಟಿತು. ಪೂರ್ಣವಿರಾಮ ಮಾತ್ರ. ವಾದ್ಯದ ಅಬ್ಬರ ನಡೆವಾಗ ಪರದೆಯ ಮೇಲೆ ಅಕ್ಷರವೇ ಬೇಡ.

‘ಬಾಗಿಲ ಹಿಂದೆ ತೋರಿಸಲಿಲ್ಲ’ ಅನ್ನುವ ದೂರಿನ ಬಗ್ಗೆ ನನ್ನದು ಖಚಿತ ಅಭಿಪ್ರಾಯ: ಕಡಿಮೆ ತೋರಿಸಿದಷ್ಟೂ ಒಳ್ಳೆಯದು. ಬಾಲಾಜ್ ತನ್ನ ರಂಗಸೂಚನೆಯಲ್ಲೇ ಕೇಳಿರುವುದು ಮುಖ್ಯವಾಗಿ ಬೆಳಕು. ಮೊದಲ ಬಾಗಿಲು ಗೋಡೆಯಲ್ಲಿ ಗಾಯದಂತೆ ಕೆಂಪಾಗಿ ತೆರೆದುಕೊಂಡು ನೆಲದ ಮೇಲೆ ಉದ್ದನೆಯ ಕೆಂಪು ಪಟ್ಟಿ ಚೆಲ್ಲುತ್ತದೆ. ಎರಡನೆಯದು ಹಳದಿ ಬೆರೆತ ಕೆಂಪು, ಮೂರನೆಯದು ಚಿನ್ನ, ನಾಲ್ಕನೆಯದು ನೀಲಿ ಹಸಿರು. ಆರನೆಯದಕ್ಕೆ ಕೋಟೆಯ ಮೇಲೆ ನೆರಳು ಹಾಯುತ್ತದೆ, ಏಳನೆಯದಕ್ಕೆ ಬೆಳದಿಂಗಳು. ಒಳಗೇನಿದೆ ಅನ್ನುವುದು ಯೂದಿತ್‌ಳ ಮುಖದಲ್ಲಿ ಕಾಣಬೇಕು. ಬಾಲಾಜ್ ಮುಂದೆ ಚಲನಚಿತ್ರದ ಆರಂಭಕಾಲದ ದೊಡ್ಡ ಚಿಂತಕನಾದವನು. ಸಿನಿಮಾ ಬಂದು ಮನುಷ್ಯನ ಮುಖ ಓದುವುದನ್ನು ನಮಗೆ ಮತ್ತೆ ಕಲಿಸಿತು ಎಂದು 1924ರ ಪುಸ್ತಕದಲ್ಲಿ ವಾದಿಸಿದವನು. (ಮತ್ತೆ 1924, ಏನು ಮಾಡುವುದು.) ನಿಜವಾದ ರಕ್ತ, ನಿಜವಾದ ಸರಪಳಿ ತೋರಿಸಿದ ಕೂಡಲೇ ನೋಡುವವನ ತಲೆ ‘ಬಣ್ಣ ಸರಿಯಿಲ್ಲ, ಟೊಮೆಟೊ ಸಾಸ್ ಥರ ಇದೆ’ ಅನ್ನುವ ಕಡೆ ಓಡುತ್ತದೆ.

ಚಿತ್ರಗಳಲ್ಲಿ ಆಯ್ಕೆ ಇದೆ. ಮೈಕಲ್ ಪೊವೆಲ್ 1963ರಲ್ಲಿ ಜರ್ಮನ್ ಟಿವಿಗೆ ಮಾಡಿದ್ದು ಜರ್ಮನ್ ಭಾಷೆಯಲ್ಲಿದೆ. ನೋಟ ಅದ್ಭುತ, ಆದರೆ ಮೊದಲಕ್ಷರದ ಗುದ್ದು ಹೋಗಿಬಿಡುತ್ತದೆ. ಮೊದಲ ಸಲ ನೋಡುವವರಿಗೆ ನಾನು ಹೇಳುವುದಿಲ್ಲ. ಮಿಕ್ಲೋಶ್ ಸಿನೆತಾರ್ 1981ರಲ್ಲಿ ಮಾಡಿದ್ದರಲ್ಲಿ ಸಿಲ್ವಿಯಾ ಶಾಶ್ ಮತ್ತು ಕೋಲೋಶ್ ಕೋವಾಚ್ ಹಾಡಿದ್ದಾರೆ, ಶೋಲ್ತಿಯ ನಿರ್ದೇಶನದಲ್ಲಿ ಲಂಡನ್ ಫಿಲ್ಹಾರ್ಮೊನಿಕ್ ವಾದ್ಯವೃಂದ ನುಡಿಸಿದೆ. ಇಬ್ಬರೂ ಹಂಗೇರಿಯನ್ನರೇ ಆದ್ದರಿಂದ ಪದ ಕಡೆದಿಟ್ಟ ಹಾಗೆ ಕೇಳುತ್ತದೆ. 1988ರ ಬಿಬಿಸಿ ಚಿತ್ರ ಲೆಸ್ಲಿ ಮೆಗಾಹಿಯದು, ರಾಬರ್ಟ್ ಲಾಯ್ಡ್ ಮತ್ತು ಎಲಿಜಬೆತ್ ಲಾರೆನ್ಸ್ ಹಾಡಿದ್ದು. ಹಂಗೇರಿಯನ್‌ನಲ್ಲೇ ಇದೆ. ಒಂದನ್ನೇ ಆರಿಸಿ ಅಂದರೆ ನನ್ನ ಓಟು 1981ಕ್ಕೆ. ಹಳೇ ಟಿವಿ ಅಳತೆಯ ಚಿತ್ರವನ್ನು ಪರದೆ ತುಂಬಲಿ ಅಂತ ಅಡ್ಡಕ್ಕೆ ಎಳೆಯಬೇಡಿ, ಎಲ್ಲರ ಮುಖ ಹಲಸಿನಹಣ್ಣಾಗುತ್ತದೆ. ಪಕ್ಕದ ಕಪ್ಪು ಪಟ್ಟಿ ಇರಲಿ ಬಿಡಿ.

ಕೊಡಗಿನ ಪ್ರೇಕ್ಷಕರಿಗೆ ಎರಡನೇ ಬಾಗಿಲು ಬೇರೆ ಕಡೆಯವರಿಗೆ ತಾಗುವ ಹಾಗೆ ತಾಗುವುದಿಲ್ಲ. ಬೇರೆ ಊರಿನಲ್ಲಿ ಆಯುಧದ ಕೋಣೆ ಕಂಡರೇ ಹೆದರಿಕೆ. ಇಲ್ಲಿ ಆಯುಧ ಪೂಜೆಯ ಹಬ್ಬವಾದ ಕೈಲ್ಪೊಳ್ದ್ ದಿನ ಮನೆಯ ಕೋವಿ, ಒಡಿಕತ್ತಿ ತೊಳೆದು ಸಾಲಾಗಿಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಪೂಜೆ ಮಾಡುತ್ತಾರೆ. ಕೋವಿ ಇರುವುದೇ ಮನೆಗೆ ಗೌರವ. ಹಾಗಾಗಿ ‘ಆಯುಧ ಇದ್ದರೆ ಏನಾಯ್ತು?’ ಅನ್ನುವುದು ಸಹಜ ಪ್ರತಿಕ್ರಿಯೆ, ಅದನ್ನು ತಿದ್ದಲು ಹೋಗಬೇಡಿ. ‘ತೊಳೆಯದೆ ಒಳಗಿಟ್ಟಿದ್ದಾನೆ ನೋಡಿ’ ಅಂದರೆ ಸಾಕು. ರಕ್ತ ಅಂಟಿದ ಕತ್ತಿಯನ್ನು ಹಾಗೇ ಬೀಗ ಹಾಕಿಡುವುದು ಇಲ್ಲಿನವರಿಗೆ ಬೇರೆಯವರಿಗಿಂತ ಹೆಚ್ಚು ಅಸಹ್ಯ. ಹಾಗೆಯೇ ಕೋಟೆ, ದೊರೆ, ರಕ್ತ ಎಂದ ಕೂಡಲೇ ಸಭೆಯಲ್ಲಿ ಯಾರಾದರೊಬ್ಬರು 1834ರಲ್ಲಿ ಪಟ್ಟ ಕಳೆದುಕೊಂಡ ಚಿಕ್ಕವೀರರಾಜೇಂದ್ರನ ಮಾತು ತೆಗೆದೇ ತೆಗೆಯುತ್ತಾರೆ. ಐದು ನಿಮಿಷ ಹರಟಲಿ, ಮುಂದುವರಿದರೆ ಒಪೆರಾ ಮರೆತುಹೋಗಿ ಹಾಲೇರಿ ಅರಸರ ಇತಿಹಾಸದ ಜಗಳ ಶುರುವಾಗುತ್ತದೆ.

ತುಟಿಯ ದೂರು ಅರ್ಧ ನಿಜ. ಈ ಬಗೆಯ ಚಿತ್ರಗಳಲ್ಲಿ ಸಂಗೀತ ಮೊದಲೇ ಧ್ವನಿಮುದ್ರಣವಾಗಿರುತ್ತದೆ, ಆಮೇಲೆ ಗಾಯಕರು ಕ್ಯಾಮರಾ ಮುಂದೆ ಬಾಯಾಡಿಸುತ್ತಾರೆ. ನಮ್ಮ ಸಿನಿಮಾ ಹಾಡಿನ ಪದ್ಧತಿಯೇ, ಹಾಡಿದವರೇ ಅಭಿನಯಿಸುತ್ತಾರೆ ಅನ್ನುವುದೊಂದು ವ್ಯತ್ಯಾಸ. ಹತ್ತಿರದ ಶಾಟಿನಲ್ಲಿ ಬಾಯಿ ಅಗಲಿಸಿದರೂ ಕೊರಳ ನರ ಉಬ್ಬದೇ ಇರುವುದು ಕಾಣುತ್ತದೆ. ಅದಕ್ಕೆ ಮದ್ದಿಲ್ಲ. ಆದರೆ ದನಿ ಸೆಕೆಂಡಿನ ಐದನೇ ಒಂದರಷ್ಟು ಹಿಂದೆ ಬಿದ್ದಿದ್ದರೆ ಅದು ಚಿತ್ರದ ತಪ್ಪಲ್ಲ, ಬ್ಲೂಟೂತ್ ಸ್ಪೀಕರಿನದು. ತಂತಿಯಲ್ಲೇ ಜೋಡಿಸಿ. ಸಾಧ್ಯವೇ ಇಲ್ಲವೆಂದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳು ದನಿಯನ್ನು ಒಂದೊಂದು ಒತ್ತಿಗೆ 50 ಮಿಲಿಸೆಕೆಂಡು ಹಿಂದೆ ಮುಂದೆ ಸರಿಸುತ್ತವೆ.

‘ಶುರುವಿನಲ್ಲಿ ಸೌಂಡೇ ಇರಲಿಲ್ಲ’ ಅನ್ನುವ ದೂರಿಗೂ ಕಾರಣ ಅದೇ ಪುಟ್ಟ ಸ್ಪೀಕರ್. ಆರಂಭದ ತಗ್ಗು ಸ್ವರಗಳು 100 ಹರ್ಟ್ಸ್‌ಗಿಂತ ಕೆಳಗಿಳಿಯುತ್ತವೆ. ಅಂಗೈಯಗಲದ ಸ್ಪೀಕರಿಗೆ ಅವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಆಗ ಯಾರೋ ಎದ್ದು ವಾಲ್ಯೂಮ್ ಏರಿಸುತ್ತಾರೆ, ಅರ್ಧ ಗಂಟೆಯ ನಂತರ ಐದನೇ ಬಾಗಿಲು ತೆರೆದಾಗ ಸ್ಪೀಕರ್ ಗೊರ್ ಅನ್ನುತ್ತದೆ, ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಕ್ರಮ ಇದಕ್ಕೆ ತಿರುವುಮುರುವು. ಮದುವೆ ಮನೆಗೆ ತರುವಂಥ 12 ಇಂಚಿನ ಸ್ಪೀಕರ್ ಜೋಡಿ ಬಾಡಿಗೆಗೆ ತನ್ನಿ. ಜನ ಬರುವ ಒಂದು ಗಂಟೆ ಮೊದಲು ನೇರ ಐದನೇ ಬಾಗಿಲಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಒಡಕು ಬಾರದಷ್ಟಕ್ಕೆ ದನಿ ಹೊಂದಿಸಿ. ಆ ಗುಂಡಿಗೆ ಅಂಟುಪಟ್ಟಿ ಹಾಕಿಬಿಡಿ. ಆಮೇಲೆ ಮೊದಲಿಗೆ ಬಂದು ಕೇಳಿ. ಕೇಳಿಸದಿದ್ದರೆ ಏರಿಸಬೇಡಿ, ಸಭಾಂಗಣದ ಸದ್ದು ಇಳಿಸಿ: ಫ್ಯಾನ್, ಅಡುಗೆಮನೆ, ಜನರೇಟರ್. ಆಂಪ್ಲಿಫೈಯರ್ ಅಥವಾ ಟಿವಿಯಲ್ಲಿ ರಾತ್ರಿ ಮೋಡ್, ಆಟೋ ವಾಲ್ಯೂಮ್ ಏನಿದ್ದರೂ ಆರಿಸಿ. ಅವು ಸಣ್ಣದನ್ನು ದೊಡ್ಡದು, ದೊಡ್ಡದನ್ನು ಸಣ್ಣದು ಮಾಡಿ ಎಲ್ಲ ಬಾಗಿಲನ್ನೂ ಒಂದೇ ಅಳತೆಗೆ ತರುತ್ತವೆ.

ಕರೆಂಟು ಹೋಗುವುದು ಇದ್ದದ್ದೇ. ಜನರೇಟರ್ ಇಟ್ಟರೆ ಕಟ್ಟಡದ ಹಿಂದೆ 30-40 ಮೀಟರ್ ದೂರ. ಇನ್ವರ್ಟರ್ ಇನ್ನೂ ಒಳ್ಳೆಯದು: ಪ್ರೊಜೆಕ್ಟರ್, ಆಂಪ್ಲಿಫೈಯರ್ ಸೇರಿ 500 ವ್ಯಾಟ್ ಆದರೆ 1 ಕೆವಿಎ ಇನ್ವರ್ಟರ್, ಚೆನ್ನಾಗಿರುವ 150 ಎಎಚ್ ಬ್ಯಾಟರಿ ಒಂದು ಗಂಟೆಯ ಚಿತ್ರವನ್ನು ದಾಟಿಸುತ್ತದೆ. ಆದರೆ ಸೈನ್ ವೇವ್ ಇನ್ವರ್ಟರೇ ಬೇಕು. ಸ್ಕ್ವೇರ್ ವೇವ್ ಆದರೆ ಸ್ಪೀಕರಿನಲ್ಲಿ ಜೇನುಗೂಡಿನ ಗುಂಯ್ ಸದ್ದು ಸೇರಿಕೊಂಡು ಆರಂಭದ ಕತ್ತಲೆಯನ್ನೇ ನುಂಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕೂಡ ಕೆಲವೊಮ್ಮೆ ಇದೇ ಕಿತಾಪತಿ ಮಾಡುತ್ತದೆ. ಪೂರ್ತಿ ಚಾರ್ಜ್ ಮಾಡಿ ಕಿತ್ತಿಡಿ.

ತಿಂಗಳ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮಾಡಿನ ಕೆಳಗೆ ಈ ಒಪೆರಾ ಆಗದ ಮಾತು. ಮಳೆ ಬಿದ್ದರೆ ಐದನೇ ಬಾಗಿಲು ಒಂದೇ ಕೇಳಿಸುವುದು. ನವೆಂಬರಿನಿಂದ ಅರೇಬಿಕಾ ಕಾಫಿ ಕುಯ್ಲು, ನಡುವೆ ಪುತ್ತರಿ ಹಬ್ಬ, ಜನವರಿಯಿಂದ ರೊಬಸ್ಟಾ. ತೋಟದವರು ಯಾರೂ ಬರುವುದಿಲ್ಲ, ಬಂದರೂ ನಿದ್ದೆ ತಡೆಯುವುದಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ನೀರಿಗೆ ಪಂಪ್‌ಸೆಟ್ ಕಾಯುವ ಕೆಲಸ. ಉಳಿಯುವುದು ತುಲಾ ಸಂಕ್ರಮಣದ ಆಸುಪಾಸಿನ ಅಕ್ಟೋಬರ್. ಮದುವೆ ಹಾಲ್ ಆದರೆ ಟೈಲ್ಸ್ ನೆಲ, ಬೋಳು ಗೋಡೆ, ದನಿ ಸುತ್ತಿ ಸುತ್ತಿ ಬರುತ್ತದೆ. ಕಾಫಿ ತುಂಬುವ ಖಾಲಿ ಗೋಣಿಗಳನ್ನು ಎರಡು ಮೂರು ಪದರ ಮಾಡಿ ಹಿಂದಿನ ಗೋಡೆಗೆ ಅಡ್ಡಲಾಗಿ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿ. ಚಿತ್ರ ಬಹುಪಾಲು ಕಪ್ಪು, ಆದ್ದರಿಂದ ಕಿಟಕಿಗಳಿಗೆ ದಪ್ಪ ಟಾರ್ಪಾಲ್ ಬೇಕು. ಇಲ್ಲವೆಂದರೆ ರಾತ್ರಿ ಏಳರ ಮೇಲೆಯೇ ಶುರುಮಾಡಿ. ಊಟ ಆಮೇಲೆ. ಪಕ್ಕದಲ್ಲಿ ಪಂದಿ ಕರಿ ಬೇಯುತ್ತಿದ್ದರೆ ಆರನೇ ಬಾಗಿಲಿನ ಕಣ್ಣೀರು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಕ್ಕಿನ ಮಾತು ಚಿಕ್ಕದಾಗಿ. ಭಾರತದಲ್ಲಿ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ. ಬಾರ್ಟೋಕ್ ತೀರಿಕೊಂಡದ್ದು 1945ರಲ್ಲಿ, ಬಾಲಾಜ್ 1949ರಲ್ಲಿ. ಹಾಗಾಗಿ ಮೂಲ ಪಠ್ಯದಿಂದ ಕನ್ನಡಕ್ಕೆ ತರಲು ಯಾರ ಅನುಮತಿಯೂ ಬೇಡ. ಚಿತ್ರಕ್ಕೆ ಪ್ರಕಟವಾದ ವರ್ಷದಿಂದ 60 ವರ್ಷ, ಅಂದರೆ 1981ರದ್ದು 2041ರ ಕೊನೆಯವರೆಗೆ, 1988ರದ್ದು 2048ರವರೆಗೆ. ಮನೆಗೆ ಕೊಂಡ ಡಿವಿಡಿ ಸಭೆಗೆ ತೋರಿಸುವ ಪರವಾನಗಿ ಅಲ್ಲ, ಹಕ್ಕುದಾರರಿಗೆ ಮೊದಲೇ ಬರೆದು ಕೇಳಿ.

ಇನ್ನೊಂದು ಕಡೆ ಗಮನ ಬೇಕು. ಸಂಗೀತಕ್ಕೆ ಮುಂಚೆ ಒಬ್ಬ ಕಥೆಗಾರ ಬಂದು ಪದ್ಯದಲ್ಲಿ ನಾಲ್ಕು ಮಾತಾಡುತ್ತಾನೆ: ರೆಪ್ಪೆಯ ತೆರೆ ಎದ್ದಿದೆ, ರಂಗ ಎಲ್ಲಿದೆ, ಹೊರಗೋ ಒಳಗೋ ಅಂತ. ಕೆಲವು ಪ್ರದರ್ಶನ, ಧ್ವನಿಮುದ್ರಣಗಳಲ್ಲಿ ಇದನ್ನು ಬಿಟ್ಟಿರುತ್ತಾರೆ. ನಿಮ್ಮ ಪ್ರತಿಯಲ್ಲಿ ಇಲ್ಲವಾದರೆ ಒಳ್ಳೆಯ ದನಿಯವರೊಬ್ಬರು ಕನ್ನಡದಲ್ಲಿ ಓದಲಿ, ಕತ್ತಲಲ್ಲೇ. ಇದ್ದರೆ ಸಂಗೀತ ಅವನ ಕೊನೆಯ ಸಾಲುಗಳ ಅಡಿಯಲ್ಲೇ ಹರಿದು ಬರುತ್ತದೆ, ಆಗ ಯಾರೂ ಕುರ್ಚಿ ಎಳೆಯಬಾರದು.

ಚಿತ್ರದ ನಂತರ ಮಾತು ಹಿಡಿಯುವುದು ಬೀಗದ ಕೈಯಲ್ಲೇ. ‘ಮದುವೆಯಾಗಿ ಬಂದವಳು ಮನೆಯ ಬೀಗದ ಕೈ ಕೇಳಿದರೆ ತಪ್ಪಾ?’ ಅಂತ ಹೆಂಗಸರು ಕೇಳಿದರೆ ಅದಕ್ಕಿಂತ ಒಳ್ಳೆಯ ಆರಂಭ ಬೇರೆ ಸಿಗಲಾರದು. ಅತ್ತೆ ಸೊಸೆಯ ಸೆರಗಿಗೆ ಬೀಗದ ಕೈ ಗೊಂಚಲು ಕಟ್ಟಿದ ದಿನವೇ ಅವಳು ಮನೆಯವಳಾದಳು ಅನ್ನುವ ನಾಡು ಇದು. ನೀಲಗಡ್ಡ ಪ್ರತಿ ಕೈಯನ್ನೂ ತಾನೇ ಕೊಡುತ್ತಾನೆ, ಕಿತ್ತುಕೊಂಡದ್ದಲ್ಲ. ಐದರವರೆಗೆ ಕೊಡುವುದರಲ್ಲಿ ಅವನಿಗೇ ಖುಷಿ ಇದೆ. ಆರು ಮತ್ತು ಏಳಕ್ಕೆ ತಡೆಯುತ್ತಾನೆ, ಮುತ್ತು ಕೊಡು ಅನ್ನುತ್ತಾನೆ, ಪ್ರಶ್ನೆ ಕೇಳಬೇಡ ಅನ್ನುತ್ತಾನೆ. ಅವಳು ನಿಲ್ಲಬೇಕಿತ್ತಾ? ಗಂಡಸರು ಸಾಮಾನ್ಯವಾಗಿ ನಿಲ್ಲಬೇಕಿತ್ತು ಅನ್ನುತ್ತಾರೆ. ಹೆಂಗಸರು ‘ಐದು ತೆಗೆದು ಎರಡು ಬಿಟ್ಟು ಆ ಮನೆಯಲ್ಲಿ ನಿದ್ದೆ ಬರುತ್ತಾ’ ಅನ್ನುತ್ತಾರೆ. ಸಂಗೀತ ಯಾರ ಪಕ್ಷ ಅಂತ ನನ್ನನ್ನು ಕೇಳಿದರೆ, ಏಳನೇ ಬಾಗಿಲು ತೆರೆದಾಗ ಐದು ಮತ್ತು ಆರು ತಾವಾಗಿ ನಿಟ್ಟುಸಿರಿನೊಂದಿಗೆ ಮುಚ್ಚಿಕೊಳ್ಳುತ್ತವಲ್ಲ, ಆ ನಿಟ್ಟುಸಿರು ಇಬ್ಬರದ್ದೂ.

ಕೊನೆಗೊಂದು ಮಾತು ಸಭಾಂಗಣದ ಲೈಟು ನೋಡಿಕೊಳ್ಳುವವರಿಗೆ. ಯೂದಿತ್ ಏಳನೇ ಬಾಗಿಲೊಳಗೆ ಹೋದ ಮೇಲೆ ನೀಲಗಡ್ಡ ‘ಇನ್ನು ಯಾವಾಗಲೂ ರಾತ್ರಿಯೇ’ ಎಂದು ಹಾಡುತ್ತಾನೆ. ಆರಂಭದ ಐದು ಸ್ವರಗಳು ಮತ್ತೆ ಬರುತ್ತವೆ, ಕರಗುತ್ತಾ ಕರಗುತ್ತಾ ಕೇಳಿಸದಷ್ಟು ಸಣ್ಣದಾಗುತ್ತವೆ. ಹೆಸರುಗಳು ಮೂಡಿದ ಕೂಡಲೇ ಸ್ವಿಚ್ಚಿಗೆ ಕೈ ಹೋಗುವುದು ಅಭ್ಯಾಸ, ಹಳೇ ಟ್ಯೂಬ್‌ಲೈಟಾದರೆ ಪಕಪಕ ಬೇರೆ. ಸ್ವಿಚ್ಚಿನ ಪಕ್ಕ ಒಬ್ಬರನ್ನು ಕೂರಿಸಿ, ಸದ್ದು ಪೂರ್ತಿ ನಿಂತ ಮೇಲೆ ಇಪ್ಪತ್ತು ಎಣಿಸಲು ಹೇಳಿ. ಹದಿನೈದರ ಹೊತ್ತಿಗೆ ಕತ್ತಲಿಂದ ಯಾರಾದರೂ ಪಿಸುದನಿಯಲ್ಲಿ ‘ಮುಗೀತಾ?’ ಅನ್ನುತ್ತಾರೆ.